ಅಪ್‌ಡೇಟ್: ಜೆಟ್ ಬೋಟ್ ಸ್ಟೀರಿಂಗ್ ಸರಿಹೋಯಿತು
ಟೆಕ್ಸಾಸ್‌ನ ಆಸ್ಟಿನ್ ಬಳಿಯ ಲೇಕ್ ಟ್ರಾವಿಸ್‌ನಲ್ಲಿ ಓಡಿಸಲು ಕೊಂಡ ಸೆಕೆಂಡ್ ಹ್ಯಾಂಡ್ ಜೆಟ್ ಬೋಟ್‌ನ ಸ್ಟೀರಿಂಗ್ ತುಂಬಾ ಬಿಗಿ ಅಂತ ಕೇಳಿದ್ದೆನಲ್ಲ, ತೊಂದರೆ ಇದ್ದದ್ದು ಸ್ಟೀರಿಂಗನ್ನು ಹಿಂದಿನ ನಾಝಲ್‌ಗೆ (ನೀರು ಚಿಮ್ಮುವ ಕೊಳವೆಯ ಬಾಯಿ) ಜೋಡಿಸುವ ಕೇಬಲ್‌ನಲ್ಲಿ.

ನೀವು ಹೇಳಿದಂತೆ ಬೋಟನ್ನು ಟ್ರೇಲರ್ ಮೇಲಿಟ್ಟು, ಎಂಜಿನ್ ಆಫ್ ಮಾಡಿ, ಹಿಂದಿನ ನಾಝಲ್‌ನಿಂದ ಕೇಬಲ್ ಕಳಚಿದೆ. ನಾಝಲ್ ಕೈಯಲ್ಲಿ ಸಲೀಸಾಗಿ ಆಚೀಚೆ ಆಡಿತು. ಅಂದರೆ ಅದರ ಬುಶಿಂಗ್‌ಗಳು (ಅದು ತಿರುಗುವ ಕೀಲಿನೊಳಗಿನ ಬಳೆಗಳು) ಚೆನ್ನಾಗಿವೆ. ಸ್ಟೀರಿಂಗ್ ಮಾತ್ರ ಹಾಗೇ ಬಿಗಿ. ಕೇಬಲ್‌ನ ಮುಂದಿನ ತುದಿಯನ್ನೂ ಬಿಚ್ಚಿದಾಗ ಸ್ಟೀರಿಂಗ್ ಕೂಡ ಹಗುರವಾಗಿ ತಿರುಗಿತು. ಇನ್ನೇನು ಅನುಮಾನ! ಕೇಬಲ್‌ನ ಹಿಂಬದಿಯ ರಬ್ಬರ್ ಬೂಟ್ (ನೀರು ತಡೆಯುವ ಕವಚ) ಹರಿದು, ನೀರು ಹೋಗಿ ಕೇಬಲ್ ತುಕ್ಕು ಹಿಡಿದಿತ್ತು. ಗ್ರೀಸ್ ಹಾಕಿ ಅಂತ ಕೆಲವರು ಹೇಳಿದ್ದಿರಿ. ಆದರೆ ಈ ಕೇಬಲ್ ಸೀಲ್ ಆಗಿರುತ್ತದೆ, ಒಳಗಿನ ತುಕ್ಕಿಗೆ ಗ್ರೀಸ್ ತಲುಪುವುದೇ ಇಲ್ಲ. ಸುಮ್ನೆ ಕೈ ಜಿಡ್ಡು.

ಪಾರ್ಟ್ ನಂಬರ್ ನೋಡಿ ಹೊಸದು ತರಿಸಿದೆ. ಸ್ಟೀರಿಂಗ್ ನೇರ ಇದ್ದಾಗ ನಾಝಲ್ ಕೂಡ ನಟ್ಟನಡುವೆ ಇರುವಂತೆ ಹೊಂದಿಸಿ ಲಾಕ್‌ನಟ್ ಬಿಗಿದೆ. ಈಗ ಎಡಕ್ಕೂ ಬಲಕ್ಕೂ ಒಂದೇ ಸಮ ತಿರುಗುತ್ತದೆ.

ಥ್ರಾಟಲ್ (ಆಕ್ಸಿಲರೇಟರ್) ಬಿಟ್ಟರೆ ಬೋಟ್ ತಿರುಗಲ್ಲ ಅನ್ನೋ ಇನ್ನೊಂದು ದೂರು ಇತ್ತಲ್ಲ, ಅದು ರಿಪೇರಿಯ ವಿಷಯವೇ ಅಲ್ಲ. ಜೆಟ್ ಬೋಟನ್ನು ತಿರುಗಿಸುವುದು ನಾಝಲ್‌ನಿಂದ ಚಿಮ್ಮುವ ನೀರೇ ಅಲ್ವಾ. ದಡಕ್ಕೆ ಬರುವಾಗ ಸ್ವಲ್ಪ ಥ್ರಾಟಲ್ ಕೊಡುತ್ತಲೇ ಇರಬೇಕು.