ಹೊಳೆ ಓಣಿ ನಿವಾಸಿಗಳು, ಗೋಕಾಕ

ತಗಡಿನ ಮನೆ, ಬೆಳಗ್ಗೆ 4:52
ರಾತ್ರಿ ಮತ್ತೆ ತಗಡು ಹಾರಿತು. ಅವ್ವನನ್ನು ಜೋಳದ ಚೀಲದ ಮೇಲೆ ಕೂರಿಸಿ, ಬೆಳಗಾಗೋವರೆಗೂ ಕೊಡೆ ಹಿಡಿದು ನಿಂತಿದ್ದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಒಯ್ದ ಮನೆ ಇನ್ನೂ ಲಿಂಟಲ್ಲಿಗೇ ನಿಂತಿದೆ. ಸರಳು ಮುಟ್ಟಿದರೆ ತುಕ್ಕು ಪುಡಿಯಾಗಿ ಉದುರುತ್ತೆ. ಸರ್ಕಾರದ ಪರಿಹಾರದ ಮೊದಲ ಕಂತು 1 ಲಕ್ಷ ತಳಪಾಯಕ್ಕೇ ಹೋಯ್ತು. ಮುಂದಿನ ರೊಕ್ಕ ಕೆಲಸ ಮುಗಿಸಿ ಫೋಟೊ ಹಾಕಿದ ಮೇಲೆ ಅಂತಾರೆ. ಕೆಲಸ ಮುಗಿಸೋಕೆ ರೊಕ್ಕ ಯಾರು ಕೊಡ್ತಾರೆ? ಸಾಲ ಕೇಳಿದರೆ ಜಾಗದ ಪತ್ರ, ಉತಾರ, ಅಪ್ಪನ ಹೆಸರಲ್ಲಿದೆ ಅಂತ ಬ್ಯಾಂಕಿನವರು ವಾಪಸ್ ಕಳಿಸ್ತಾರೆ. ಅಪ್ಪ ಹೋಗಿ ನಾಲ್ಕು ವರ್ಷ ಆಯ್ತು. ಸಾಕಾಗಿದೆ ನನಗೆ. ಸೋಮವಾರ 10:30ಕ್ಕೆ ಎಲ್ಲರೂ ಸೇರಿ ಬ್ಯಾಂಕಿಗೆ ಹೋಗೋಣ.

ಮೂಲೆ ಮನೆ ಅಕ್ಕ, 5:40
ಅಯ್ಯೋ ತಮ್ಮಾ, ನಮ್ಮ ಬಾಗಿಲು ಬಡಿಯಬಾರದಿತ್ತಾ? ಅವ್ವನನ್ನು ಕರ್ಕೊಂಡು ಬಾ, ಚಹಾ ಇಟ್ಟಿದ್ದೀನಿ. ಸೋಮವಾರ ನಾನೂ ಬರ್ತೀನಿ.

ಕಿರಾಣಿ ಕಾಕಾ, 6:05
ಬ್ಯಾಂಕಿಗೆ ಹೋಗಿ ಏನು ಮಾಡ್ತೀರಿ? ಮೂಲ ತಪ್ಪು ಮನೆ ಹಾನಿ ಸರ್ವೆಯದು. ಗೋಡೆ ನಿಂತವರಿಗೆ ಎ ಕೆಟಗರಿ, ಅಂದ್ರೆ ಪೂರ್ತಿ ಬಿದ್ದ ಮನೆ ಅಂತ 5 ಲಕ್ಷ. ನನ್ನ ಹಿತ್ತಲ ಗೋಡೆ ಪೂರ್ತಿ ಬಿದ್ದಿತ್ತು. ಸಿ, ಅಂದ್ರೆ ಸ್ವಲ್ಪ ಹಾನಿ ಅಂತ ಬರೆದು 50 ಸಾವಿರ. ಯಾರು ಬರೆಸಿದರು ಅಂತ ಈ ಗುಂಪಿನಲ್ಲಿರೋರಿಗೇ ಗೊತ್ತು.

ಹಸಿರು ಗೇಟು, 6:11
ಕಾಕಾ, ನನಗೇ ಹೇಳ್ತಿದ್ದೀರಿ ಅಲ್ವಾ? ನಮ್ಮದು ಮಣ್ಣಿನ ಗೋಡೆ. ನೀರಲ್ಲಿ ನಿಂತು ಬುಡ ಕರಗಿತ್ತು. ನೋಡೋಕೆ ನಿಂತಂಗೆ ಕಾಣ್ತಿತ್ತು ಅಷ್ಟೇ.

ಕಿರಾಣಿ ಕಾಕಾ, 6:12
ಫೋಟೊ ಇದೆ ನನ್ನ ಹತ್ತಿರ.

ಕಿರಾಣಿ ಕಾಕಾ, 6:12
ಮೂರು ಫೋಟೊ. ತಾರೀಖು ಸಮೇತ.

ನಳದ ಮುಂದಿನ ಮನೆ, 6:30
ಫಾರ್ವರ್ಡ್: ನೆರೆ ಸಂತ್ರಸ್ತರಿಗೆ ಬಡ್ಡಿ ಇಲ್ಲದ 10 ಲಕ್ಷ ಸಾಲ! ಲಿಂಕ್ ಒತ್ತಿ, 11 ಜನರಿಗೆ ಕಳಿಸಿ 🙏🙏

ಟೀಚರ್, 6:44
ಯಾರೂ ಒತ್ತಬೇಡಿ, ಅದು ಸುಳ್ಳು. ನೆರೆ ಬಂದ ಕಡೆ ಹಳೆ ಸಾಲದ ಕಂತು ಮುಂದೂಡೋಕೆ, ಹೊಸ ಸಾಲ ಕೊಡೋಕೆ ರಿಸರ್ವ್ ಬ್ಯಾಂಕಿನ ನಿಯಮಗಳೇ ಇವೆ. ಬಾಯಲ್ಲಿ ಕೇಳಬೇಡಿ, ಅರ್ಜಿ ಬರೆದು ಕೊಟ್ಟು ಸೀಲು ಹಾಕಿಸಿಕೊಳ್ಳಿ. ತಮ್ಮಾ, ಮೊದಲು ವಾರಸಾ ಮಾಡಿಸಿ ಉತಾರ ನಿಮ್ಮ ಹೆಸರಿಗೆ ಮಾಡಿಸು. ಮರಣ ಪತ್ರ, ವಂಶಾವಳಿ ತೆಗೆದಿಡು. ಕಾಕಾ, ಆಗ ಪೂರ್ತಿ ಬಿದ್ದ ಪಕ್ಕಾ ಮನೆಗೆ ಕೇಂದ್ರದ ಲೆಕ್ಕದಲ್ಲಿ ಸಿಗ್ತಿದ್ದದ್ದು 95,100 ಮಾತ್ರ. 5 ಲಕ್ಷ ಆಗಿದ್ದು ರಾಜ್ಯ ಸೇರಿಸಿದ್ದಕ್ಕೆ. ಅದು ಪೂರ್ತಿ ಕೈಗೆ ಬರೋ ಹಾಗೆ ಮಾಡೋಣ. ಜಗಳ ಆಮೇಲೆ.

ಮೂಲೆ ಮನೆ ಅಕ್ಕ, 6:50
ಹೆಸರು ಹೇಳ್ರಿ, ಸೋಮವಾರಕ್ಕೆ ಯಾರ್ಯಾರು?

ಕಿರಾಣಿ ಕಾಕಾ, 6:51
ಮೊದಲು ಸರ್ವೆ ವಿಷಯ ತೀರ್ಮಾನ ಆಗಲಿ.

ಹಸಿರು ಗೇಟು, 6:53
ಕಾಕಾ ಬಂದರೆ ನಾನು ಬರಲ್ಲ.

ನಳದ ಮುಂದಿನ ಮನೆ, 7:15
ಗುಡಿ ಹತ್ತಿರ ಗಟಾರು ಕಟ್ಟಿಕೊಂಡು ನೀರು ರಸ್ತೆಗೆ ಬಂದಿದೆ. ಮನೆಗೆ 200 ಹಾಕಿದರೆ ಇವತ್ತೇ ಜೆಸಿಬಿ ತರಿಸಬಹುದು.

ಕಿರಾಣಿ ಕಾಕಾ, 7:16
ನಾನು 500 ಕೊಡ್ತೀನಿ.

ಹಸಿರು ಗೇಟು, 7:18
ನಂದೂ 200.

ತಗಡಿನ ಮನೆ, 9:20
ಉತಾರ, ಪಾಸ್‌ಬುಕ್, ಅಪ್ಪನ ಮರಣ ಪತ್ರ ಎಲ್ಲ ಒಂದು ಚೀಲಕ್ಕೆ ಹಾಕಿದ್ದೀನಿ. ಅಕ್ಕ, ಟೀಚರ್ ಬಿಟ್ಟು ಸೋಮವಾರ ಇನ್ಯಾರು?

ನಳದ ಮುಂದಿನ ಮನೆ, 9:21
ಜೆಸಿಬಿ ಬಂತು. ಗುಡಿ ಮುಂದಿನ ಬೈಕ್ ತೆಗೀರಿ, ಬೇಗ.