60 ಸಾವಿರ ಇದೆ: ಡ್ರೋನ್ ತಗೊಳ್ಳಲಾ, ಲೆನ್ಸ್ ತಗೊಳ್ಳಲಾ?

ಕೊಪ್ಪಳದಿಂದ, ಕೇಳಿದವರು:

ಎಲ್ಲರಿಗೂ ನಮಸ್ಕಾರ. ಎರಡು ವರ್ಷ ಕೂಡಿಟ್ಟು 60 ಸಾವಿರ ರೂಪಾಯಿ ಮಾಡಿಕೊಂಡಿದ್ದೇನೆ. ಕೈಯಲ್ಲಿರುವುದು ಕ್ಯಾನನ್ 200ಡಿ ಮಾರ್ಕ್ 2, ಅದರ ಜೊತೆಗೇ ಬಂದ 18-55 ಮತ್ತು 55-250 ಲೆನ್ಸ್. ಭಾನುವಾರ ಬಂದರೆ ಸಾಣಾಪುರ, ಆನೆಗೊಂದಿ, ಇಟಗಿ, ಕುಕನೂರು ಅಂತ ಓಡಾಡುತ್ತೇನೆ. ವರ್ಷಕ್ಕೆ ಐದಾರು ಮದುವೆ, ಸೀಮಂತದ ಕೆಲಸವೂ ಸಿಗುತ್ತದೆ.

ಸಾಣಾಪುರದ ಬಂಡೆಗಳ ನಡುವೆ ಭತ್ತದ ಗದ್ದೆ ಹಸಿರಾದಾಗ ಅದನ್ನು ಮೇಲಿನಿಂದ ತೆಗೆಯಬೇಕು ಅನ್ನುವುದು ತುಂಬಾ ದಿನದ ಆಸೆ. ಅದಕ್ಕೆ ಡ್ರೋನ್ ಬೇಕು. ಇಟಗಿಯ ಮಹಾದೇವ ದೇವಾಲಯದ ಒಳಗೆ ತೆಗೆದ ಫೋಟೊ ಒಂದೂ ಸರಿ ಬರುತ್ತಿಲ್ಲ, ಎಲ್ಲ ಅಲುಗಿರುತ್ತವೆ ಇಲ್ಲವೇ ಕಾಳು ಕಾಳು. ಅದಕ್ಕೆ ಲೆನ್ಸ್ ಬೇಕು. ಎರಡನ್ನೂ ತಗೊಳ್ಳುವ ಶಕ್ತಿ ಇಲ್ಲ. ಯೂಟ್ಯೂಬಿನಲ್ಲಿ ರಿವ್ಯೂ ಬೇಕಾದಷ್ಟು ನೋಡಿದ್ದೇನೆ. ನಮ್ಮ ಕಡೆಯ ಬಿಸಿಲು, ಗಾಳಿ, ಧೂಳಿನಲ್ಲಿ ಏನಾಗುತ್ತದೆ ಅಂತ ಅದರಲ್ಲಿ ಯಾರೂ ಹೇಳುವುದಿಲ್ಲ. ಬಳಸಿದವರು ದಯವಿಟ್ಟು ಹೇಳಿ.

ಗಂಗಾವತಿಯಿಂದ:

ನನ್ನ ಹತ್ತಿರ ಮೂರು ವರ್ಷದಿಂದ ಡಿಜೆಐ ಕಂಪನಿಯ ಮಿನಿ ಡ್ರೋನ್ ಇದೆ. 249 ಗ್ರಾಂ ತೂಕದ್ದು. ಮೊದಲ ತಿಂಗಳು ದಿನಾ ಹಾರಿಸಿದೆ. ಈಗ ತಿಂಗಳಿಗೆ ಒಮ್ಮೆ ಪೆಟ್ಟಿಗೆಯಿಂದ ಹೊರಗೆ ತೆಗೆದರೆ ಹೆಚ್ಚು. ಯಾಕೆ ಹೀಗಾಯಿತು ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಯಾಕೆಂದರೆ ನಾನು ತಗೊಳ್ಳುವಾಗ ಇದನ್ನೆಲ್ಲ ಯಾರೂ ಹೇಳಲಿಲ್ಲ.

ಮೊದಲನೆಯದು ಜಾಗ. ನಮಗೆ ಎಲ್ಲಿ ಹಾರಿಸುವ ಆಸೆಯೋ ಅಲ್ಲೇ ಹಾರಿಸುವಂತಿಲ್ಲ. ಹಂಪಿಯ ಸ್ಮಾರಕಗಳ ಮೇಲೆ ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಡ್ರೋನ್ ಎತ್ತುವಂತಿಲ್ಲ. ಹಂಪಿ ಪ್ರಾಧಿಕಾರದ ವ್ಯಾಪ್ತಿ ನದಿ ದಾಟಿ ನಮ್ಮ ಆನೆಗೊಂದಿವರೆಗೂ ಬರುತ್ತದೆ. ಒಂದು ಬೆಳಗ್ಗೆ ಆನೆಗೊಂದಿಯ ನದಿ ದಂಡೆಯಲ್ಲಿ ಡ್ರೋನಿನ ರೆಕ್ಕೆ ಬಿಚ್ಚುವಷ್ಟರಲ್ಲಿ ಕಾವಲಿನವರು ಬಂದರು. ಇನ್ನೂ ಹಾರಿಸಿರಲಿಲ್ಲ. ಆದರೂ ಒಂದು ಗಂಟೆ ನಿಂತು ಉತ್ತರ ಹೇಳಬೇಕಾಯಿತು. ಅವರ ಕೆಲಸ ಅವರು ಮಾಡಿದರು, ತಿಳಿದುಕೊಂಡು ಹೋಗದ ತಪ್ಪು ನನ್ನದು. ಇಟಗಿ ದೇವಾಲಯವೂ ಅದೇ ಇಲಾಖೆಯ ರಕ್ಷಣೆಯಲ್ಲಿದೆ, ಅಲ್ಲೂ ಅದೇ ಕಥೆ. ತುಂಗಭದ್ರಾ ಅಣೆಕಟ್ಟೆಯ ಹತ್ತಿರವಂತೂ ಯೋಚನೆಯೇ ಬೇಡ.

2021ರ ಡ್ರೋನ್ ನಿಯಮಗಳನ್ನು ಒಮ್ಮೆ ಓದಿ. 250 ಗ್ರಾಂವರೆಗಿನದನ್ನು ನ್ಯಾನೊ ಅನ್ನುತ್ತಾರೆ, ಅದಕ್ಕೆ ಪೈಲಟ್ ಸರ್ಟಿಫಿಕೇಟ್ ಬೇಡ. 250 ಗ್ರಾಂನಿಂದ 2 ಕಿಲೋವರೆಗಿನದು ಮೈಕ್ರೊ. ಅದನ್ನು ಹಣಕ್ಕಾಗಿ ಹಾರಿಸಿದರೆ ಸರ್ಟಿಫಿಕೇಟ್ ಬೇಕು. ಆದರೆ ಜಾಗದ ನಿಯಮ ಎಲ್ಲ ತೂಕಕ್ಕೂ ಒಂದೇ. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ವಲಯ ಇರುತ್ತವೆ. ಹಸಿರಿನಲ್ಲಿ 400 ಅಡಿವರೆಗೆ ಅನುಮತಿ ಕೇಳಬೇಕಿಲ್ಲ. ವಿಮಾನ ನಿಲ್ದಾಣದಿಂದ 8ರಿಂದ 12 ಕಿಲೋಮೀಟರ್ ಒಳಗಿದ್ದರೆ 200 ಅಡಿಗೇ ನಿಲ್ಲಬೇಕು. ತೋರಣಗಲ್ಲಿನಲ್ಲಿ ನಿಲ್ದಾಣ ಇದೆ, ಗಿಣಿಗೇರಾ ಹತ್ತಿರ ಖಾಸಗಿ ಏರ್‌ಸ್ಟ್ರಿಪ್ ಇದೆ, ಮರೆಯಬೇಡಿ. ಇನ್ನೊಂದು ಮಾತು. 249 ಗ್ರಾಂನ ಡ್ರೋನಿಗೆ ದೊಡ್ಡ ಬ್ಯಾಟರಿ ಹಾಕಿದರೆ 250 ದಾಟುತ್ತದೆ. ಆಗ ಅದು ನ್ಯಾನೊ ಅಲ್ಲ.

ಎರಡನೆಯದು ರಿಪೇರಿ. 2022ರ ಫೆಬ್ರುವರಿಯಿಂದ ಹೊರದೇಶದ ಡ್ರೋನ್ ಆಮದಿಗೆ ನಿಷೇಧ ಇದೆ. ಸಂಶೋಧನೆ, ರಕ್ಷಣೆ, ಭದ್ರತೆಗೆ ಮಾತ್ರ ವಿನಾಯಿತಿ. ಇದು ಗೊತ್ತಿಲ್ಲದೆ ನಾನು ಒಂದು ಅಂಗಡಿಯಲ್ಲಿ ತಗೊಂಡೆ. ಸರಿಯಾದ ಬಿಲ್ ಕೊಡಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಆರು ತಿಂಗಳಿಗೆ ಗಿಂಬಲ್, ಅಂದರೆ ಕ್ಯಾಮೆರಾ ಅಲುಗದಂತೆ ಹಿಡಿಯುವ ಭಾಗ, ನಡುಗಲು ಶುರುವಾಯಿತು. ವಾರಂಟಿ ಇಲ್ಲ. ಬಿಡಿಭಾಗಕ್ಕೆ ಎರಡೂವರೆ ತಿಂಗಳು ಕಾದೆ. ಬಿಲ್ ಇಲ್ಲದ ಡ್ರೋನನ್ನು ದಯವಿಟ್ಟು ತಗೊಳ್ಳಬೇಡಿ.

ಮೂರನೆಯದು ನಮ್ಮ ಗಾಳಿ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಬೀಸುವ ಗಾಳಿ ನಿಮಗೆ ಹೇಳಬೇಕಿಲ್ಲ. ಕುಷ್ಟಗಿ ಕಡೆ ಗಾಳಿಯಂತ್ರ ಸುಮ್ನೆ ನೆಟ್ಟಿದ್ದಾರಾ? ಈ ಸಣ್ಣ ಡ್ರೋನ್‌ಗಳು ಸೆಕೆಂಡಿಗೆ 10 ಮೀಟರ್ ಚಿಲ್ಲರೆ ಗಾಳಿಯವರೆಗೆ ತಡೆಯುತ್ತವೆ ಅಂತ ಕಂಪನಿ ಬರೆದಿರುತ್ತದೆ. ನೆಲದ ಮೇಲೆ ತಣ್ಣಗಿದ್ದರೂ 300 ಅಡಿ ಮೇಲೆ ಬೇರೆಯೇ ಲೋಕ. ಒಮ್ಮೆ ಗಾಳಿಯ ಜೊತೆ ಹೋಯಿತು, ಎದುರು ಗಾಳಿಯಲ್ಲಿ ವಾಪಸ್ ಬರಲಾಗಲಿಲ್ಲ. ತುಂಬಾ ಕೆಳಗೆ ಇಳಿಸಿ, ಗದ್ದೆಯ ಮೇಲೆ ತೆವಳಿಸಿಕೊಂಡು ಬಂದಂತೆ ತಂದೆ. ಮುಟ್ಟಿದಾಗ ಬ್ಯಾಟರಿ 6 ಶೇಕಡಾ ಇತ್ತು. ಮುಂಗಾರಿನ ನಾಟಿ ನಡೆಯುವುದೂ ಇದೇ ಗಾಳಿಯ ತಿಂಗಳಲ್ಲಿ. ನಿಮಗೆ ಬೇಕಾದ ಫೋಟೊ ಅದೇ ಅಲ್ವಾ? ಬೆಳಗ್ಗೆ ಆರೂವರೆಯೊಳಗೆ ಹಾರಿಸಿದರೆ ಮಾತ್ರ ಸಾಧ್ಯ. ಎರಡನೇ ಬೆಳೆಗೆ ಕಾಲುವೆಗೆ ನೀರು ಬಿಟ್ಟ ವರ್ಷ ಜನವರಿಯಲ್ಲಿ ಮತ್ತೆ ನಾಟಿ ಇರುತ್ತದೆ. ಅದು ನನ್ನ ಇಷ್ಟದ ಸಮಯ, ಗಾಳಿ ಕಡಿಮೆ, ಬೆಳಕು ಮೆತ್ತಗೆ.

ಬೇಸಿಗೆಯ ಮಧ್ಯಾಹ್ನ ಬೇಡ. ನನ್ನದರಲ್ಲಿ 40 ಡಿಗ್ರಿವರೆಗೆ ಮಾತ್ರ ಅಂತ ಬರೆದಿದೆ, ಮೇ ತಿಂಗಳಲ್ಲಿ ನಮ್ಮಲ್ಲಿ ಅದು ದಾಟುತ್ತದೆ. ಹದ್ದುಗಳೂ ಮೈಮೇಲೆ ಬರುತ್ತವೆ. ಬಂದರೆ ಗಾಬರಿಯಾಗಿ ಕೆಳಗೆ ಇಳಿಸಬೇಡಿ, ನೇರ ಮೇಲಕ್ಕೆ ಏರಿಸಿ. ಹದ್ದು ಮೇಲಿನಿಂದ ಎರಗುವುದು.

ಇಷ್ಟೆಲ್ಲ ಹೇಳಿದರೂ ಮಾರಿಲ್ಲ. ಹೊಳೆಯಲ್ಲಿ ಒಂಟಿ ಹರಿಗೋಲು ಹೋಗುವುದನ್ನು ನೆತ್ತಿಯ ಮೇಲಿನಿಂದ ತೆಗೆದಿದ್ದೇನೆ. ನೀರಿನ ಮೇಲೆ ಒಂದು ದುಂಡನೆಯ ಬುಟ್ಟಿ, ಅದರ ಹಿಂದೆ ಸುರುಳಿ ಗೆರೆ. ಆ ಫೋಟೊ ಯಾವ ಲೆನ್ಸ್‌ನಿಂದಲೂ ಬರುವುದಿಲ್ಲ.

ಬಳ್ಳಾರಿಯಿಂದ, ಮದುವೆ ಫೋಟೊ ತೆಗೆಯುವವರು:

ನಾನು ಲೆನ್ಸ್ ಅನ್ನುತ್ತೇನೆ. ಹನ್ನೊಂದು ವರ್ಷದಿಂದ ಇದೇ ನನ್ನ ಹೊಟ್ಟೆಪಾಡು.

ಡ್ರೋನ್ ಬೇಕು ಅಂತ ಮದುವೆ ಮನೆಯವರು ಕೇಳುತ್ತಾರೆ, ನಿಜ. ಆದರೆ ಎರಡು ದಿನದ ಮದುವೆಯಲ್ಲಿ ಅದು ಹಾರುವುದು ಇಪ್ಪತ್ತು ನಿಮಿಷ. ನಾನು ಸರ್ಟಿಫಿಕೇಟ್ ಇರುವ ಒಬ್ಬರನ್ನು ಆ ದಿನಕ್ಕೆ ಕರೆಯುತ್ತೇನೆ, ಅವರ ಹಣ ಮದುವೆಯವರ ಲೆಕ್ಕಕ್ಕೆ ಸೇರುತ್ತದೆ. ಉಳಿದ ಎರಡು ದಿನ ಪೂರ್ತಿ ಲೆನ್ಸ್‌ನದೇ ಕೆಲಸ.

ಕಲ್ಯಾಣ ಮಂಟಪದ ಬೆಳಕು ನಿಮಗೆ ಗೊತ್ತು. ನಿಮ್ಮ 18-55 ಅನ್ನು 55ಕ್ಕೆ ಎಳೆದರೆ ಎಫ್ 5.6. ಅದೇ ಜಾಗದಲ್ಲಿ 50 ಎಂಎಂ ಎಫ್ 1.8 ಹಾಕಿದರೆ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಫೋಟೊವನ್ನು ಕಾಳು ಕಾಳು ಮಾಡುವ ಐಎಸ್‌ಒ 6400 ಇದ್ದದ್ದು 800ಕ್ಕೆ ಇಳಿಯುತ್ತದೆ. ತಾಳಿ ಕಟ್ಟುವಾಗ ಹುಡುಗಿಯ ಕಣ್ಣಂಚಿನ ನೀರು ಕಾಣುವುದು ಆಗ. ಬೆಲೆ ಹತ್ತು ಸಾವಿರದ ಆಸುಪಾಸು. ಒಂದು ತೊಂದರೆ ಇದೆ. ನಿಮ್ಮ ಕ್ಯಾಮೆರಾದ ಸೆನ್ಸಾರ್ ಚಿಕ್ಕದು, ಅದರಲ್ಲಿ 50 ಅನ್ನುವುದು 80ರಂತೆ ಕಾಣುತ್ತದೆ, ಅಂದರೆ ಚೌಕಟ್ಟಿಗೆ ಕಡಿಮೆ ಜಾಗ ಬರುತ್ತದೆ. ಸಣ್ಣ ಮನೆಯ ಪಡಸಾಲೆಯಲ್ಲಿ ಅರಿಶಿನ ಶಾಸ್ತ್ರ ತೆಗೆಯುವಾಗ ಬೆನ್ನು ಗೋಡೆಗೆ ತಾಗುತ್ತದೆ.

ಅದಕ್ಕೇ ನನ್ನ ಸಲಹೆ ಸಿಗ್ಮಾ 17-50 ಎಫ್ 2.8. ಈಗ ಹೊಸದು ಸಿಗುವುದು ಕಷ್ಟ, ಸೆಕೆಂಡ್ ಹ್ಯಾಂಡ್ ಹುಡುಕಿ. ನನ್ನದು 16 ಸಾವಿರಕ್ಕೆ ಸಿಕ್ಕಿತು. ಎಷ್ಟು ಜೂಮ್ ಮಾಡಿದರೂ 2.8 ಹಾಗೇ ಇರುತ್ತದೆ, ಕೈ ನಡುಕ ತಡೆಯುವ ವ್ಯವಸ್ಥೆಯೂ ಇದೆ. ಎರಡೂ ಲೆನ್ಸ್ ಸೇರಿ 30 ಸಾವಿರ ದಾಟುವುದಿಲ್ಲ. ಉಳಿದದ್ದರಲ್ಲಿ ಒಂದು ಒಳ್ಳೆಯ ಫ್ಲ್ಯಾಶ್ ತಗೊಳ್ಳಿ.

ಸಂಡೂರಿನಿಂದ:

ಹಕ್ಕಿ, ಪ್ರಾಣಿ ಕಡೆ ಒಲವಿದ್ದರೆ ನನ್ನ ಅನುಭವ. ದರೋಜಿ ಕರಡಿಧಾಮದಲ್ಲಿ ಕರಡಿಗಳು ಬರುವುದು ಮಧ್ಯಾಹ್ನದ ಮೇಲೆ, ವೀಕ್ಷಣಾ ಗೋಪುರದ ಎದುರಿನ ಕರಡಿಕಲ್ಲು ಗುಡ್ಡದ ಬಂಡೆಗಳಿಗೆ. ನಿಮ್ಮ 250 ಎಂಎಂಗೆ ಕರಡಿ ಹೆಬ್ಬೆರಳಿನಷ್ಟು ಕಾಣುತ್ತದೆ. ನಾನು 150-600 ಎಂಎಂ ಲೆನ್ಸ್ ಅನ್ನು ಸೆಕೆಂಡ್ ಹ್ಯಾಂಡ್ 55 ಸಾವಿರಕ್ಕೆ ತಗೊಂಡೆ. ತೂಕ ಎರಡು ಕಿಲೋ ಹತ್ತಿರ. ಮೊದಲ ಮೂರು ಸಲದ ಫೋಟೊಗಳು ಎಲ್ಲ ಮಸುಕು. ಲೆನ್ಸೇ ಕೆಟ್ಟಿದೆ ಅಂತ ಅಳುವಷ್ಟಾಗಿತ್ತು. ಆಮೇಲೆ ಗೊತ್ತಾಯಿತು, ಕಾದ ಬಂಡೆಯಿಂದ ಏಳುವ ಬಿಸಿಗಾಳಿ ಅದು. ದೂರದ ಲೆನ್ಸ್ ಆ ಅಲುಗಾಟವನ್ನೂ ಹತ್ತಿರ ತಂದು ತೋರಿಸುತ್ತದೆ. ಸಂಜೆ ಐದರ ಮೇಲೆ, ಇಲ್ಲವೇ ಚಳಿಗಾಲದಲ್ಲಿ ಅದೇ ಲೆನ್ಸ್ ಕರಡಿಯ ಕೂದಲು ಕೂದಲು ಬಿಡಿಸಿತು.

ಡ್ರೋನ್ ತಗೊಂಡರೆ ಒಂದು ಕೈ ಮುಗಿದು ಕೇಳುತ್ತೇನೆ. ಅಂಕಸಮುದ್ರದಂಥ ಹಕ್ಕಿ ಕೆರೆಗಳ ಮೇಲೆ ಹಾರಿಸಬೇಡಿ. ತಾಯಿ ಹಕ್ಕಿ ಹೆದರಿ ಗೂಡು ಬಿಟ್ಟು ಎದ್ದರೆ ಕಾಗೆ ಬಂದು ಮೊಟ್ಟೆ ಒಯ್ಯಲು ಎರಡು ನಿಮಿಷ ಸಾಕು. ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗಳು ಉಳಿದಿವೆ. ಆ ಕಡೆಯಂತೂ ಬೇಡವೇ ಬೇಡ.

ಇನ್ನು ಗಣಿ ಧೂಳು. ನಮ್ಮ ಕೆಂಪು ಧೂಳಿನಲ್ಲಿ ರಸ್ತೆ ಬದಿ ನಿಂತು ಲೆನ್ಸ್ ಬದಲಿಸಬೇಡಿ. ಗಾಡಿಯೊಳಗೆ ಕೂತು, ಕ್ಯಾಮೆರಾ ಬಾಯಿ ಕೆಳಗೆ ಮಾಡಿ ಬದಲಿಸಿ.

ರಾಯಚೂರಿನಿಂದ:

ಎತ್ತರಕ್ಕೆ ಡ್ರೋನೇ ಬೇಕಾ? ನಮ್ಮ ಮೂರೂ ಜಿಲ್ಲೆಯಲ್ಲಿ ಕಲ್ಲುಗುಡ್ಡಕ್ಕೆ ಬರ ಇಲ್ಲ. ರಾಯಚೂರು ಕೋಟೆಯ ಬೆಟ್ಟ ಊರಿನ ನಡುವೆಯೇ ಇದೆ. ಮಸ್ಕಿಯಲ್ಲಿ ಮಲ್ಲಿಕಾರ್ಜುನ ಗುಡ್ಡ, ನಿಮ್ಮ ಕೊಪ್ಪಳದ ಕೋಟೆ, ಅಂಜನಾದ್ರಿ. ನಾನು ಅಗಲ ನೋಟದ ಕ್ಯಾನನ್ 10-18 ಲೆನ್ಸ್ ಇಟ್ಟುಕೊಂಡಿದ್ದೇನೆ, ಕಾಲು ಕಿಲೋ ಕೂಡ ತೂಗುವುದಿಲ್ಲ. ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಬೆಳಗಿನ ಬಿಸಿಲಿಗೆ ಕಾದರೆ ನದಿ, ಬಂಡೆ, ಬಾಳೆತೋಟ, ಗದ್ದೆ ಎಲ್ಲ ಒಂದೇ ಚೌಕಟ್ಟಿಗೆ ಬರುತ್ತವೆ. ಗವಿಮಠದ ತೇರಿನ ದಿನವೂ ಅಷ್ಟೇ. ಆ ಜನಸಾಗರದ ಮೇಲೆ ಡ್ರೋನ್ ಎತ್ತುವುದು ಅಪಾಯ, ಬಿದ್ದರೆ ಯಾರದೋ ತಲೆ. ಮಠದ ಗುಡ್ಡದ ಮೇಲೆ ಮಧ್ಯಾಹ್ನವೇ ಜಾಗ ಹಿಡಿದು ಕೂರಿ.

ಸಪಾಟು ಹೊಲದಲ್ಲಿ ನಾನು ಇನ್ನೊಂದು ಮಾಡುತ್ತೇನೆ. ಮಾವಿನಕಾಯಿ ಕೀಳುವ ಗಳದಂಥ ಗಟ್ಟಿ ಕೋಲಿನ ತುದಿಗೆ ಕ್ಯಾಮೆರಾ ಬಿಗಿದು ಹನ್ನೆರಡು ಅಡಿ ಎತ್ತುತ್ತೇನೆ. ನಿಮ್ಮ 200ಡಿಯಲ್ಲಿ ವೈಫೈ ಇದೆ, ಮೊಬೈಲಿನಲ್ಲಿ ನೋಡಿಕೊಂಡು ಕ್ಲಿಕ್ ಮಾಡಬಹುದು. ಮೆಣಸಿನಕಾಯಿ ಕಣದಲ್ಲಿ ಹನ್ನೆರಡು ಅಡಿಯೇ ಸಾಕು, ಕೆಂಪು ಹಾಸಿನ ಮೇಲೆ ಕೂತ ಹೆಂಗಸರ ಮುಖವೂ ಕಾಣುತ್ತದೆ. 300 ಅಡಿಯಿಂದ ಮುಖ ಕಾಣುವುದಿಲ್ಲ.

ಇಟಗಿ ಬಗ್ಗೆ ಒಂದು ಮಾತು. 1112ರ ದೇವಾಲಯ, ಶಾಸನದಲ್ಲೇ ಅದನ್ನು ದೇವಾಲಯ ಚಕ್ರವರ್ತಿ ಅಂತ ಕರೆದಿದ್ದಾರೆ. ಅಂಥ ಕಡೆ ಟ್ರೈಪಾಡ್‌ಗೂ ಅನುಮತಿ ಬೇಕು. ಹಾಗಾಗಿ ಕೈಯಲ್ಲೇ ಹಿಡಿಯಬೇಕು. ನಿಮ್ಮ ಕಿಟ್ ಲೆನ್ಸ್‌ನಲ್ಲೇ ನಡುಕ ತಡೆಯುವ ಸ್ವಿಚ್ ಇದೆ, ಅದನ್ನು ಆನ್ ಮಾಡಿದ್ದೀರಾ? 18ಕ್ಕೆ ಇಟ್ಟು, ಎಫ್ 4, ಶಟರ್ 1/10 ಸೆಕೆಂಡ್, ಐಎಸ್‌ಒ 1600. ನೆಲಕ್ಕೆ ಕೂತು ಮೊಣಕೈಯನ್ನು ಮಂಡಿಗೆ ಊರಿ, ಉಸಿರು ಬಿಟ್ಟು, ಒಂದರ ಹಿಂದೆ ಒಂದು ಐದು ಕ್ಲಿಕ್ ಮಾಡಿ. ಒಂದಾದರೂ ಚೂಪಾಗಿ ಬರುತ್ತದೆ. ಹಣ ಬಿಚ್ಚುವ ಮೊದಲು ಇದನ್ನು ಒಮ್ಮೆ ಮಾಡಿ ನೋಡಿ.

ಕೊಪ್ಪಳದಿಂದ, ಕೇಳಿದವರು ಮತ್ತೆ:

ಭಾನುವಾರ ಇಟಗಿಗೆ ಹೋಗಿದ್ದೆ. ಸ್ವಿಚ್ ಆಫ್ ಇತ್ತು. ಎಷ್ಟು ತಿಂಗಳಿಂದ ಹಾಗೇ ಇತ್ತೋ. ರಾಯಚೂರಿನವರು ಹೇಳಿದಂತೆ ಕೂತು ತೆಗೆದೆ, ಕಡೆದ ಕಂಬಗಳ ಗೆರೆ ಗೆರೆ ಬಂದಿದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಆ ಒಂದು ಫೋಟೊವನ್ನೇ ತುಂಬಾ ಹೊತ್ತು ನೋಡಿದೆ.

ಕಳೆದ ಒಂದು ವರ್ಷದ ನನ್ನ ಫೋಟೊಗಳನ್ನೂ ತೆಗೆದು ನೋಡಿದೆ. ಜಾಸ್ತಿ ಇರುವುದು ಮುಖಗಳು. ಕಿನ್ನಾಳದ ಬೊಂಬೆಗೆ ಬಣ್ಣ ಹಚ್ಚುವ ಅಜ್ಜ, ಮದುವೆಯ ಹೆಂಗಸರು, ಜಾತ್ರೆಯ ಮಕ್ಕಳು. ಮೇಲಿನಿಂದ ತೆಗೆಯಬೇಕು ಅನ್ನಿಸಿದ ದಿನಗಳನ್ನು ಎಣಿಸಿದರೆ ನಾಲ್ಕೋ ಐದೋ. ಹಾಗಾಗಿ ಸೆಕೆಂಡ್ ಹ್ಯಾಂಡ್ 17-50 ಮತ್ತು ಹೊಸ 50 ತಗೊಳ್ಳುತ್ತೇನೆ. ಸಾಣಾಪುರದ ಆಸೆ ಬಿಟ್ಟಿಲ್ಲ. ಸೆಕೆಂಡ್ ಹ್ಯಾಂಡ್ ಲೆನ್ಸ್ ನೋಡುವಾಗ ಏನೇನು ಗಮನಿಸಬೇಕು?

ಬಳ್ಳಾರಿಯಿಂದ:

ಮೊಬೈಲ್ ಟಾರ್ಚ್ ಅನ್ನು ಹಿಂದಿನಿಂದ ಹಾಯಿಸಿ ಒಳಗೆ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ವಾಪಸ್ ಕೊಡಿ. ಒಂದೆರಡು ಧೂಳಿನ ಕಣ ಇದ್ದರೆ ಪರವಾಗಿಲ್ಲ. ಜೂಮ್ ರಿಂಗ್ ತಿರುಗಿಸುವಾಗ ಕರಕರ ಅನ್ನಬಾರದು. ನಿಮ್ಮದೇ ಕ್ಯಾಮೆರಾಕ್ಕೆ ಹಾಕಿ, 2.8ರಲ್ಲಿ ಒಬ್ಬರ ಕಣ್ಣಿಗೆ ಫೋಕಸ್ ಮಾಡಿ ಹತ್ತು ಫೋಟೊ ತೆಗೆದು ಅಲ್ಲೇ ದೊಡ್ಡದು ಮಾಡಿ ನೋಡಿ. ಹತ್ತರಲ್ಲಿ ಎಂಟಾದರೂ ಸರಿ ಇರಬೇಕು. ಬಿಲ್ ಕೇಳಿ.

ಗಂಗಾವತಿಯಿಂದ:

ಎರಡನೇ ಬೆಳೆಗೆ ನೀರು ಬಿಟ್ಟು ನಾಟಿ ಶುರುವಾದರೆ ತಿಳಿಸುತ್ತೇನೆ. ಅಂದಿನ ನಕ್ಷೆ ನೋಡಿ, ಗದ್ದೆಯವರನ್ನು ಕೇಳಿಕೊಂಡು, ಹಸಿರು ವಲಯದಲ್ಲಿ ಮಾತ್ರ ಹಾರಿಸೋಣ. ಬೆಳಗ್ಗೆ ಆರಕ್ಕೆ ಕಾಲುವೆ ಸೇತುವೆ ಹತ್ತಿರ ಬನ್ನಿ. ನಿಮ್ಮ ಮೆಮೊರಿ ಕಾರ್ಡ್ ತನ್ನಿ, ರಿಮೋಟ್ ನಿಮ್ಮ ಕೈಗೇ ಕೊಡುತ್ತೇನೆ.