ಪಿಸಿ-3 ಕೋಶಗಳ ಸರ್ವೈವಲ್ ಕರ್ವ್ 6 ಗ್ರೇ ನಂತರ ಚಪ್ಪಟೆ, ಯಾಕೆ?

ಕಡಲತಡಿ (ಉಡುಪಿ):
ಪ್ರಾಸ್ಟೇಟ್ ಕ್ಯಾನ್ಸರಿನ ಪಿಸಿ-3 ಕೋಶಗಳ ಮೇಲೆ ಕಾಲೊನಿ ಪರೀಕ್ಷೆ (ರೇಡಿಯೇಶನ್ ಕೊಟ್ಟ ಮೇಲೆ ಎಷ್ಟು ಕೋಶ ಬದುಕಿ ಗುಂಪು ಕಟ್ಟುತ್ತವೆ ಅಂತ ಎಣಿಸುವುದು) ನಡೀತಾ ಉಂಟು. 6 ಎಂವಿ (ಮೆಗಾವೋಲ್ಟ್) ಲೈನಾಕ್ ಅಂದರೆ ರೇಡಿಯೇಶನ್ ಯಂತ್ರ, ಡೋಸ್ 0, 2, 4, 6, 8 ಗ್ರೇ (ಹೀರಿದ ಡೋಸಿನ ಅಳತೆ). 6ರ ತನಕ ಸರ್ವೈವಲ್ ಕರ್ವ್ (ಯಾವ ಡೋಸಿಗೆ ಎಷ್ಟು ಕೋಶ ಉಳಿದವು ಎಂಬ ಗ್ರಾಫ್) ಚೆನ್ನಾಗಿ ಇಳಿಯುತ್ತದೆ, ಆಮೇಲೆ ಚಪ್ಪಟೆ. ಲೀನಿಯರ್-ಕ್ವಾಡ್ರಾಟಿಕ್ ಫಿಟ್ (ಡೋಸ್ ಮತ್ತು ಡೋಸಿನ ವರ್ಗ ಇರುವ ಸೂತ್ರ) ಮಾಡಿದರೆ ವರ್ಗದ ಗುಣಕ ಬೀಟಾ ಮೈನಸ್ ಬರುತ್ತದೆ. ಎಲ್ಲ ಡಿಶ್‌ಗೂ 500 ಕೋಶವೇ ಹಾಕಿದ್ದು. 8 ಗ್ರೇಯಲ್ಲಿ ಸಿಕ್ಕಿದ್ದು ಮೂರೇ ಕಾಲೊನಿ.

ಕೋಶಪಾಲ:
ಆ ಮೂರರಲ್ಲೇ ಉಂಟು ಸಮಸ್ಯೆ. ಮೂರು ಎಣಿಕೆಗೆ ಪಾಯ್ಸಾನ್ ದೋಷವೇ (ಎಣಿಕೆ ಕಡಿಮೆ ಇದ್ದಾಗ ಆಕಸ್ಮಿಕವಾಗಿ ಬರುವ ಏರುಪೇರು) ಸುಮಾರು ಶೇ. 58. ಅಂಟಿಕೊಂಡ ಕೋಶಗಳ ಒಂದು ಗಂಟು ಕಾಲೊನಿಯ ಹಾಗೆ ಕಂಡರೂ ಸಾಕು, ಗ್ರಾಫ್ ಮೇಲೆ ಹೋಗುತ್ತದೆ. ಡೋಸ್ ಏರಿದ ಹಾಗೆ ಕೋಶವೂ ಏರಬೇಕು: 60 ಮಿಮೀ ಡಿಶ್‌ಗೆ 200, 400, 1,000, 4,000, 10,000ದಿಂದ ಶುರು ಮಾಡಿ. ಪ್ರತಿ ಡಿಶ್‌ನಲ್ಲಿ 50ರಿಂದ 150 ಕಾಲೊನಿ ಬರುವ ಹಾಗೆ ಮುಂದಿನ ಸಲ ಹೊಂದಿಸಿ. ಟ್ರಿಪ್ಸಿನ್ (ಅಂಟಿದ ಕೋಶ ಬಿಡಿಸುವ ಕಿಣ್ವ) ಆದ ಮೇಲೆ 40 ಮೈಕ್ರಾನ್ ಸ್ಟ್ರೈನರಿನಲ್ಲಿ ಸೋಸಿ, ಒಂಟಿ ಕೋಶಗಳೇ ಇವೆಯಾ ಅಂತ ಮೈಕ್ರೋಸ್ಕೋಪಿನಲ್ಲಿ ನೋಡಿ.

ಇನ್ನೊಂದು: 8 ಗ್ರೇ ಡಿಶ್‌ನಲ್ಲಿ ನಾಲ್ಕೈದು ಸಲ ಒಡೆದು ನಿಂತುಹೋದ ಸಣ್ಣ ಗುಂಪುಗಳು ಜಾಸ್ತಿ. ಕ್ರಿಸ್ಟಲ್ ವಯೊಲೆಟ್ ಬಣ್ಣ ಹಾಕಿದ ಮೇಲೆ ಬರಿಗಣ್ಣಿಗೆ ಅವೂ ಚುಕ್ಕೆಯೇ. 50 ಕೋಶಕ್ಕಿಂತ ಕಡಿಮೆ ಇದ್ದರೆ ಬಿಟ್ಟುಬಿಡಿ.

ಫಿಸಿಸಿಸ್ಟ್_ಕುಡ್ಲ:
ಡೋಸನ್ನೂ ನೋಡಿ ಮಾರಾಯ್ರೆ. ಗ್ಯಾಂಟ್ರಿ (ಲೈನಾಕಿನ ತಿರುಗುವ ತೋಳು) ಮೇಲಿದ್ದು, ಡಿಶ್ ಮೇಲೆ ಏನೂ ಇಲ್ಲದಿದ್ದರೆ, ಎರಡು-ಮೂರು ಮಿಮೀ ಮೀಡಿಯಂನಡಿ (ಕೋಶಗಳ ಪೋಷಕ ದ್ರವ) ಬಿಲ್ಡ್-ಅಪ್, ಅಂದರೆ ಡೋಸ್ ಪೂರ್ತಿ ಏರುವುದು, ಆಗುವುದಿಲ್ಲ. 6 ಎಂವಿಗೆ ಗರಿಷ್ಠ ಡೋಸ್ ಸುಮಾರು 1.5 ಸೆಂಮೀ ಆಳದಲ್ಲಿ. ಗ್ಯಾಂಟ್ರಿ 180 ಡಿಗ್ರಿಗೆ ತಿರುಗಿಸಿ ಕೆಳಗಿನಿಂದ ಕೊಡಿ, ಡಿಶ್‌ನಡಿ 5 ಸೆಂಮೀ ಸಾಲಿಡ್ ವಾಟರ್ (ರೇಡಿಯೇಶನ್‌ಗೆ ನೀರಿನ ಹಾಗೇ ಇರುವ ಪ್ಲಾಸ್ಟಿಕ್ ಹಲಗೆ), ಮೇಲೂ ಸ್ಲ್ಯಾಬ್. ಕೌಚ್ (ಯಂತ್ರದ ಮೇಜು) ಹೀರುವ ಡೋಸ್ ಲೆಕ್ಕಕ್ಕೆ ಬರಬೇಕು, ಒಮ್ಮೆ ಡೋಸ್ ಅಳೆಯುವ ಫಿಲ್ಮ್ ಇಟ್ಟು ಪರೀಕ್ಷಿಸಿ. ಆದರೆ ಈ ತಪ್ಪು ಎಲ್ಲ ಡೋಸನ್ನೂ ಒಂದೇ ಅನುಪಾತದಲ್ಲಿ ಇಳಿಸುತ್ತದೆ, ಕೊನೆಯದನ್ನು ಮಾತ್ರ ಅಲ್ಲ. ಹಾಗಾಗಿ ನಿಮ್ಮ ಚಪ್ಪಟೆಗೆ ಮುಖ್ಯ ಕಾರಣ ಕೋಶಪಾಲರು ಹೇಳಿದ್ದೇ.

ಕಡಲತಡಿ:
ಥ್ಯಾಂಕ್ಸ್ ಸರ್. ಲೈನಾಕ್‌ಗಾಗಿ ಕೋಶಗಳನ್ನು ಮಂಗಳೂರಿಗೆ ಕಾರಲ್ಲಿ ಒಯ್ಯುವುದು, 0 ಗ್ರೇ ಡಿಶ್ ಇಲ್ಲೇ ಉಡುಪಿಯ ಇನ್ಕ್ಯುಬೇಟರಿನಲ್ಲಿ ಇರುತ್ತದೆ. ತೊಂದರೆಯಾ?

ಕೋಶಪಾಲ:
ಖಂಡಿತ ತೊಂದರೆ. ಕಾರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಇಲ್ಲ, ಮೀಡಿಯಂನ ಪಿಎಚ್ ಏರಿ ಬಣ್ಣ ನೇರಳೆಗೆ ತಿರುಗುತ್ತದೆ. ಆ ಪೆಟ್ಟೂ ರೇಡಿಯೇಶನ್ ಲೆಕ್ಕಕ್ಕೆ ಸೇರಿಬಿಡುತ್ತದೆ. 0 ಗ್ರೇ ಡಿಶ್ ಕೂಡ ಜೊತೆಗೇ ಹೋಗಿ, ಲೈನಾಕ್ ರೂಮಿನ ಹೊರಗೆ ಕೂತು, ಜೊತೆಗೇ ವಾಪಸ್ ಬರಬೇಕು. ಮೀಡಿಯಂಗೆ 25 ಮಿಲಿಮೋಲಾರ್ ಹೆಪೆಸ್ (ಪಿಎಚ್ ಹಿಡಿದಿಡುವ ಬಫರ್) ಹಾಕಿ. ಈಗ ಮಳೆಗಾಲ ಬೇರೆ, ಇನ್ಕ್ಯುಬೇಟರಿನ ನೀರಿನ ಟ್ರೇ ವಾರಕ್ಕೊಮ್ಮೆ ಬದಲಿಸಿ. ಹತ್ತು-ಹದಿನಾಲ್ಕು ದಿನ ಮುಟ್ಟದೆ ಇಡುವ ಡಿಶ್‌ಗೆ ಬೂಸ್ಟು ಹಿಡಿದರೆ ಇಡೀ ಸೆಟ್ ಹೋಯಿತು.